ಗೇಟಿನ ಹೊರಗಿನ ಬುತ್ತಿ

"ಈಗ ಏನ ಮಾರ್ತೀಪಾ ನೀ?" ಎಂದು ರಾಮವ್ವ ರೊಟ್ಟಿ ಬಡಿಯುತ್ತಲೇ ಮಗನನ್ನು ಕೇಳಿದಳು.

"ಏನೂ ಮಾರಂಗಿಲ್ಲವ್ವ. ಯೂನಿವರ್ಸಿಟಿ ನಡಸ್ತೇನಿ."

"ಅಂದ್ರ ಸಾಲಿ ಕಲಸ್ತಿ?"

"ಇಲ್ಲ. ಕಲಸಾವ್ರು ಬ್ಯಾರೆ ಅದಾರ."

"ಮತ್ತ ಗಂಟಿ ಬಾರಸ್ತಿ?"

ಸುರೇಖಾ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಗಂಡ ಬಸವಂತರಾಯ ರೊಟ್ಟಿ ಮುರಿಯುತ್ತ ತಾಯಿಯ ಮುಖ ನೋಡಿದ. ಅವ್ವ ಚೇಷ್ಟೆ ಮಾಡುತ್ತಿದ್ದಾಳೋ, ನಿಜವಾಗಿಯೇ ಕೇಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಮೂರು ರಾಜ್ಯದ ಡೀಲರುಗಳನ್ನು ಒಂದು ಫೋನಿಗೆ ಎಬ್ಬಿಸಿ ಕೂರಿಸುತ್ತಿದ್ದ ಮನುಷ್ಯ, ಹೆತ್ತವಳ ಪ್ರಶ್ನೆಗೆ ತಾಟು ಮುಂದೆ ಚಾಚಿ ಇನ್ನಷ್ಟು ಪುಂಡಿಪಲ್ಯ ಹಾಕಿಸಿಕೊಂಡ.

ನಗು ಬಂದದ್ದೇನೋ ಸರಿ. ಆದರೆ ಉತ್ತರ ಸುರೇಖಾಗಾದರೂ ಎಲ್ಲಿ ಗೊತ್ತಿತ್ತು? ಮದುವೆಯಾದಾಗ ಗಂಡ ಪುಣೆಯ ಪಂಪುಸೆಟ್ಟಿನ ಕಂಪನಿಯಲ್ಲಿದ್ದ. ಮೋಟರ್ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಇಂಡಿ, ಬಾಗೇವಾಡಿ, ಕೊಲ್ಹಾರದ ಬಾವಿಗಳ ಅಂಚಿನಲ್ಲಿ ನಿಂತು ನೀರೆತ್ತಿ ತೋರಿಸಿ ಮಾರುವವನು. ಆಮೇಲೆ ಏರಿಯಾ ಮ್ಯಾನೇಜರ, ನಾಸಿಕದಲ್ಲಿ ರೀಜನಲ್ ಮ್ಯಾನೇಜರ, ಕೊನೆಗೆ ಪುಣೆಯ ದೊಡ್ಡ ಆಫೀಸಿನಲ್ಲಿ ಇಡೀ ಮಾರಾಟಕ್ಕೇ ಮುಖ್ಯಸ್ಥ. ಪ್ರತಿ ಬಡ್ತಿಗೂ ಒಂದು ಊರು, ಒಂದು ಬಾಡಿಗೆ ಮನೆ, ಒಂದಿಷ್ಟು ಒಡೆದ ಭರಣಿಗಳು. ಅದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಮಗಳ ಮದುವೆ ಮಾಡಿ ಸೊಲ್ಲಾಪುರಕ್ಕೆ ಕಳಿಸಿ ಇನ್ನು ಆರಾಮಾಗಿರೋಣ ಅನ್ನುವಷ್ಟರಲ್ಲಿ, ಸಿಂದಗಿಯ ಹೊರವಲಯದಲ್ಲಿ ಖಾಸಗಿ ವಿಶ್ವವಿದ್ಯಾಲಯ ತೆರೆದ ಸಂಸ್ಥೆಯ ಅಧ್ಯಕ್ಷರು ಮನೆಗೆ ಬಂದರು. "ಪಾಠಾ ಮಾಡಾವ್ರು ಸಿಗ್ತಾರ್ರಿ ರಾಯರ, ನಡಸಾವ್ರು ಸಿಗವಲ್ರು" ಎಂದರು. ಬಸವಂತರಾಯ ಚಹಾ ಮುಗಿಯುವುದರೊಳಗೆ ಒಪ್ಪಿಬಿಟ್ಟ. ಹೆಂಡತಿಯನ್ನು ಒಂದು ಮಾತು ಕೇಳಬೇಕೆಂದು ಅವನಿಗೆ ಹೊಳೆದದ್ದು ಅಧ್ಯಕ್ಷರು ಮೆಟ್ಟಿಲಿಳಿದು ಹೋದ ಮೇಲೆ.

ಹೀಗೆ ಅವನು ಪ್ರಧಾನ ನಿರ್ದೇಶಕನಾದ. ಬಾಗಿಲ ಮೇಲಿನ ಹಲಗೆಯಲ್ಲಿ ಹಾಗೆ ಬರೆದಿತ್ತು. ಊರಿನಲ್ಲಿ ಒಬ್ಬರು ವೀಸಿ ಸಾಹೇಬರೆಂದರು, ಇನ್ನೊಬ್ಬರು ಪ್ರಿನ್ಸಿಪಾಲರೆಂದರು. ಹಳ್ಳಿಯಿಂದ ದಿನವೂ ಬಂದು ಬಸ್ ಸ್ಟ್ಯಾಂಡಿನ ಬದಿಯಲ್ಲಿ ಕಾಯಿಪಲ್ಯ ಮಾರುವ ಪೀರಬಿಗೆ ಕಾಲೇಜು ಅಂದರೆ ಸಾಲಿ, ಸಾಲಿ ಅಂದರೆ ಮಾಸ್ತರ. ಹಾಗಾಗಿ ಸುರೇಖಾ ಅವಳ ಬಾಯಲ್ಲಿ "ಅಕ್ಕೋರ" ಆಗಿಬಿಟ್ಟಳು. ಒಂದು ದಿನವೂ ಪಾಠ ಹೇಳದ ಅಕ್ಕೋರು ಕೊತ್ತಂಬರಿ ಕೊಂಡು ಮನೆಗೆ ಬರುತ್ತಿದ್ದರು.

ಸಿಂದಗಿಯಲ್ಲಿ ಮನೆ ಹಿಡಿದ ಮೇಲೆ ಬಸವಂತರಾಯ ಯಂಕಂಚಿಗೆ ಹೋಗಿ ತಾಯಿಯನ್ನು ಕರೆತಂದ. ತಂದೆ ಅಮೋಘಸಿದ್ಧ ತೀರಿಹೋಗಿ ವರ್ಷಗಳಾಗಿದ್ದವು. ತಮ್ಮ ಕಾಂತು ಕುರಿ ಹಿಂಡಿನ ಜೊತೆ ಊರೂರು ಸುತ್ತುವವನು. ಕಾಂತುವಿನ ಮಗಳು ರೇಣುಕಾ ಇದೇ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿಗೆ ಸೇರಿದ್ದಳು. ಮನೆಯಲ್ಲಿ ಮೊದಲ ಜಗಳ ಅವಳ ಸಲುವಾಗಿಯೇ ಆಯಿತು.

"ದೊಡ್ಡಪ್ಪನ ಮನಿ ಊರಾಗ ಇರಾಗ ಹುಡುಗಿ ಹಾಸ್ಟೆಲಿನ್ಯಾಗ ಯಾಕಿರಬೇಕು? ಮಂದಿ ನನ್ನ ಮಾರಿಗೆ ಉಗುಳೂದಿಲ್ಲೇನು?" ಎಂದಳು ರಾಮವ್ವ.

"ಅವ್ವ, ನಾ ಅಲ್ಲಿ ಮುಖ್ಯಸ್ಥ ಅದೇನಿ. ಆಕಿ ನನ್ನ ಮನ್ಯಾಗಿದ್ರ ಪೇಪರ್ ಮನ್ಯಾಗ ಕೊಡ್ತಾನ ಅಂತಾರ."

"ಯಾವ ಪೇಪರು? ನೀ ಕಲಸಂಗೇ ಇಲ್ಲಂದಿ!"

ಬಸವಂತರಾಯ ಬಗ್ಗಲಿಲ್ಲ. ರಾಮವ್ವ ಕೊನೆಗೆ ಒಂದು ಮಾತಿಗೆ ಒಪ್ಪಿದಳು. "ಆತು. ಹಾಸ್ಟೆಲಿನ್ಯಾಗ ಇರ್ಲಿ. ಆದ್ರ ದಿನಾ ಮುಂಜಾನಿ ಈ ಒಲಿಮ್ಯಾಲಿನ ಬುತ್ತಿ ಆಕಿಗಿ ಮುಟ್ಟಬೇಕು. ಮುಟ್ಟೂತನಾ ನಾ ಇಲ್ಲಿರ್ತೇನಿ. ಮುಟ್ಟದ ದಿನ ನಾ ಯಂಕಂಚಿ ಬಸ್ ಹತ್ತತೇನಿ. ಕರಿಯಾಕ ಬರಬ್ಯಾಡ್ರಿ."

ಆ ಮಾತು ಕೇಳಿ ಸುರೇಖಾ ಕೈಯಲ್ಲಿದ್ದ ಕೆಲಸ ಬಿಟ್ಟು ಅತ್ತೆಯ ಮುಖ ನೋಡಿದಳು. ಅತ್ತೆ ಬಂದ ಮೇಲೆಯೇ ಅವಳಿಗೆ ಮನೆ ಮನೆಯಾಗಿ ಕಂಡಿತ್ತು. ಪುಣೆಯಲ್ಲಿ ಗಂಡ ಬರುವವರೆಗೆ ಟಿವಿಯ ಜೊತೆ ಮಾತಾಡುತ್ತಿದ್ದವಳು ಇಲ್ಲಿ ದಿನವಿಡೀ ಬೈಸಿಕೊಳ್ಳುತ್ತ, ನಗುತ್ತ, ಶೇಂಗಾ ಚಟ್ನಿಯ ಹಿಂಡಿ ಕುಟ್ಟುತ್ತ ಇರುತ್ತಿದ್ದಳು. ಈ ಮುದುಕಿ ಗಂಟು ಕಟ್ಟಿ ಹೊರಟುಹೋದರೆ ತನಗೆ ಉಳಿಯುವುದು ಮತ್ತೆ ಅದೇ ಟಿವಿ.

ಬುತ್ತಿಯ ವ್ಯವಸ್ಥೆಗೇನೂ ತೊಂದರೆ ಇರಲಿಲ್ಲ. ಮುದ್ದೇಬಿಹಾಳ, ಬಾಗೇವಾಡಿ, ಇಂಡಿ, ಯಾವ ಕಡೆಯ ಹಳ್ಳಿಯಾದರೂ ಸರಿ, ಪರಊರಿನಲ್ಲಿ ಓದುವ ಮಕ್ಕಳಿಗೆ ಮನೆಯ ರೊಟ್ಟಿ ಬಸ್ಸಿನಲ್ಲೇ ಬರುವುದು. ಬಟ್ಟೆಯಲ್ಲಿ ಕಟ್ಟಿದ ಡಬ್ಬಿಯನ್ನು ಕಂಡಕ್ಟರನ ಕೈಗಿಟ್ಟರೆ ಅವನು ಡ್ರೈವರನ ಹಿಂದಿನ ಜಾಗದಲ್ಲಿ ಇಟ್ಟುಕೊಂಡು ಹೋಗಿ ಇಳಿಸುತ್ತಾನೆ. ಸಂಜೆ ಖಾಲಿ ಡಬ್ಬಿ ಅದೇ ದಾರಿಯಲ್ಲಿ ಹಿಂದಕ್ಕೆ. ಇಂಡಿ ಬಸ್ಸಿನ ಕಂಡಕ್ಟರ ಕುತುಬುದ್ದೀನ ಕ್ಯಾಂಪಸ್ಸಿನ ಗೇಟಿನಲ್ಲಿ ಬುತ್ತಿ ಇಳಿಸುವವನು. ರಾಮವ್ವ ಅವನಿಗೂ ಒಂದು ರೊಟ್ಟಿ ಸುತ್ತಿ ಕೊಡುತ್ತಿದ್ದಳು.

ಕೆಲವು ದಿನ ಹೀಗೆ ಸಾಗಿತು. ಒಂದು ಸಂಜೆ ಬಸವಂತರಾಯ ಮುಖ ಗಂಟು ಹಾಕಿಕೊಂಡು ಬಂದ.

"ಮೊದಲನೇ ಪಿರಿಯಡ್ಡಿಗೆ ಬೆಂಚ್ ಖಾಲಿ. ಎಲ್ಲಾರೂ ಎಲ್ಲಿ ಅಂದ್ರ ಗೇಟಿನ್ಯಾಗ ಬಸ್ ಕಾಯಾಕತ್ತಾರ, ಬುತ್ತಿ ಸಲುವಾಗಿ! ಹಿಂಗಾದ್ರ ನಾ ಏನ ನಡಸ್ಲಿ?"

"ಹೊಟ್ಟಿ ಹಸ್ತಿರ್ತೈತಿ, ಕಾಯ್ತಾವ" ಎಂದಳು ರಾಮವ್ವ.

ಕಂಪನಿಯಲ್ಲಿ ಅಡಚಣೆ ಬಂದರೆ ಅವನು ಹೇಗೆ ತೆಗೆಯುತ್ತಿದ್ದನೋ ಹಾಗೆಯೇ ಇದನ್ನೂ ತೆಗೆದ. ಹೊಸ ಮೆಸ್ಸು ಕಟ್ಟಿಸಿದ, ಬಿಳಿ ಟೋಪಿಯ ಅಡಿಗೆಯವರನ್ನು ತಂದ, ಎಲ್ಲರೂ ಅಲ್ಲಿಯೇ ಉಣ್ಣಬೇಕು, ಹೊರಗಿನ ಊಟ ಗೇಟಿನೊಳಗೆ ಬರಕೂಡದು ಎಂದು ಆದೇಶ ಹೊರಡಿಸಿದ. ಮನೆಯಲ್ಲಿ ಮಾತ್ರ ಹೇಳಲಿಲ್ಲ. ಗಂಡಸರಿಗೆ ಎಲ್ಲಿ ಧೈರ್ಯ ಬೇಕೋ ಅಲ್ಲಿ ಅದು ಇರುವುದಿಲ್ಲ.

ಸುದ್ದಿ ತಂದವನು ಕುತುಬುದ್ದೀನ. ಮನೆಯ ಮುಂದೆ ನಿಂತು ಕಟ್ಟಿದ ಬುತ್ತಿಯನ್ನು ಕಟ್ಟಿದಂತೆಯೇ ಚಾಚಿದ. "ಆಯಿ, ಗೇಟಿನ್ಯಾಗ ತಗೋವಲ್ರು. ಸಾಹೇಬರ ಆರ್ಡರ್ ಐತಂತ. ಎಲ್ಲಾರವೂ ಹೊಳ್ಳಿ ಬಂದಾವ."

"ಯಾವ ಸಾಹೇಬ?"

ಕುತುಬುದ್ದೀನ ಸುರೇಖಾಳ ಕಡೆ ನೋಡಿದ. ಸುರೇಖಾ ನೆಲ ನೋಡಿದಳು.

ಅಂದು ಊಟಕ್ಕೆ ಕುಳಿತಾಗ ರಾಮವ್ವ ಮಗನ ಮುಂದೆ ತಾಟು ಇಡುವ ಜಾಗದಲ್ಲಿ ಆ ಬುತ್ತಿಯನ್ನೇ ಇಟ್ಟಳು. "ಬಿಚ್ಚು. ಏನ ವಿಷಾ ಐತಿ ನೋಡು."

"ಅವ್ವ, ಹಂಗಲ್ಲ. ಬಿಸಲಾಗ ಬಸ್ಸಿನ್ಯಾಗ ಬಂದ ಊಟ ಹಳಸ್ತೈತಿ. ಹುಡುಗ್ರು ಜಡ್ಡ ಬಿದ್ರ ಜವಾಬ್ದಾರಿ ನಂದು."

"ನೀ ಜಡ್ಡ ಬಿದ್ದಿದ್ದೇನು? ಬಿಜಾಪುರದಾಗ ಓದಾಗ ನನ್ನ ಬುತ್ತಿ ಉಂಡು ಸತ್ತಿದ್ದೇನು?"

ಬಸವಂತರಾಯ ಏನೋ ಹೇಳಹೊರಟವನು ಬುತ್ತಿಯನ್ನು ಪಕ್ಕಕ್ಕೆ ಸರಿಸಿದ. "ಆವಾಗಿನ ಕಾಲ ಬ್ಯಾರೆ. ನಿಯಮ ಅಂದ್ರ ಎಲ್ಲಾರಿಗೂ ಒಂದ."

"ಎಲ್ಲಾರಿಗೂ ಒಂದ? ಹಂಗಾರ ನಾಳಿಯಿಂದ ನಿನಗೂ ಡಬ್ಬಿ ಇಲ್ಲ. ನಿಂದೂ ಹೊರಗಿನ ಊಟನ ಅಲ್ಲ?"

ಮಾರನೆಯ ದಿನ ಪ್ರಧಾನ ನಿರ್ದೇಶಕರು ಬರಿಗೈಯಲ್ಲಿ ಕಾರು ಹತ್ತಿದರು. ಮೆಸ್ಸಿನ ಪನೀರು ತಿಂದು ಬಂದು ರಾತ್ರಿ ಮಜ್ಜಿಗೆ ಕೇಳಿದರು. ರಾಮವ್ವ ಮಜ್ಜಿಗೆಯನ್ನಷ್ಟೇ ಕೊಟ್ಟಳು.

ಇನ್ನು ರೇಣುಕಾಳ ಬುತ್ತಿಯ ಗತಿ ಏನು? ಅತ್ತೆಯ ಸೀರೆಗಳು ಆಗಲೇ ಹಗ್ಗದಿಂದ ಇಳಿದು ಮಡಿಕೆಯಾಗತೊಡಗಿದ್ದವು. ಸುರೇಖಾ ಹೆಚ್ಚು ಯೋಚನೆ ಮಾಡಲಿಲ್ಲ. ಯೋಚಿಸಿದ್ದರೆ ಮಾಡುತ್ತಲೂ ಇರಲಿಲ್ಲ. "ಕೊಡ್ರಿ ಅತ್ತಿ, ನಾ ಒಯ್ದು ಕೊಡ್ತೇನಿ" ಎಂದು ಬುತ್ತಿಯನ್ನು ದೊಡ್ಡ ಕೈಚೀಲದ ತಳಕ್ಕಿಟ್ಟು, ಮೇಲೊಂದು ಶಾಲು ಹಾಸಿ, ಆಟೋ ಹತ್ತಿ ಹೋದಳು. ನಿರ್ದೇಶಕರ ಹೆಂಡತಿಯ ಚೀಲ ಯಾರು ತೆಗೆದು ನೋಡುತ್ತಾರೆ? ಗೇಟಿನ ಕಾವಲುಗಾರ ಸುಭಾಸ ಎದ್ದು ನಿಂತು ಸೆಲ್ಯೂಟ್ ಹೊಡೆದ. ಸುರೇಖಾ ಚೀಲದ ಮೇಲಿನ ಶಾಲು ಸರಿಮಾಡಿಕೊಂಡು ಒಳಗೆ ನಡೆದಳು. ಬಿಡುವಿನ ಹೊತ್ತಿಗೆ ಗ್ರಂಥಾಲಯದ ಹಿಂದೆ ರೇಣುಕಾ ಓಡಿ ಬಂದಳು.

"ದೊಡ್ಡವ್ವ, ನೀವ್ಯಾಕ ತಂದ್ರಿ? ದೊಡ್ಡಪ್ಪಗ ಗೊತ್ತಾದ್ರ?"

"ಗೊತ್ತಾಗೂದಿಲ್ಲ. ನೀ ಉಣ್ಣು. ಡಬ್ಬಿ ಹೊಳ್ಳಿ ಕೊಡು, ಆಯಿಗಿ ತೋರಸಬೇಕು."

ಇಂಥ ಕೆಲಸ ಒಂದು ಡಬ್ಬಿಗೆ ನಿಲ್ಲುವುದಿಲ್ಲ. ಎರಡನೆಯ ದಿನವೇ ಬಸ್ ಸ್ಟ್ಯಾಂಡಿನಲ್ಲಿ ಪೀರಬಿ ಅಡ್ಡ ಬಂದಳು. ಅವಳ ಮಗಳು ನಾಜಿಮಾ ರೇಣುಕಾಳ ರೂಮಿನಲ್ಲೇ ಇದ್ದಳು. "ಅಕ್ಕೋರ, ನಮ್ಮ ಹುಡುಗೀದೂ ಒಂದ ಒಯ್ರೆಲಾ, ಪುಣ್ಯಾ ಬರ್ತೈತಿ." ಮೂರನೆಯ ದಿನ ಕುತುಬುದ್ದೀನ ಮುದ್ದೇಬಿಹಾಳದ ಕಡೆಯಿಂದ ಬಂದ ಎರಡು ಗಂಟು ತಂದುಕೊಟ್ಟ. ವಾರ ಕಳೆಯುವುದರೊಳಗೆ ಕೈಚೀಲದ ಜಾಗದಲ್ಲಿ ಕಾಯಿಪಲ್ಯದ ಗೋಣಿಚೀಲ ಬಂತು. ಕಂಪನಿ ಸಾಹೇಬರ ಹೆಂಡತಿಯಾಗಿ ಇಷ್ಟು ವರ್ಷ ಯಾವ ಕೆಲಸವನ್ನೂ ಮಾಡದಿದ್ದ ಸುರೇಖಾ ಈಗ ಅರ್ಧ ಹಾಸ್ಟೆಲಿನ ಬುತ್ತಿ ಹೊರುವವಳಾದಳು. ಅವಳಿಗೆ ಹೆದರಿಕೆಯೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು. ಗಂಡನ ಮಾತನ್ನು ದಿನವೂ ಅವನದೇ ಗೇಟಿನಲ್ಲಿ ಮುರಿಯುತ್ತಿದ್ದೇನಲ್ಲ ಎಂದು ಮನೆಗೆ ಬಂದು ಅವನಿಗೆ ಮೆತ್ತಗಿನ ಅನ್ನ ಮಾಡಿ ಹಾಕುತ್ತಿದ್ದಳು.

ಸಿಕ್ಕಿಬಿದ್ದದ್ದು ವಾಸನೆಯಿಂದ. ಒಂದು ಮಧ್ಯಾಹ್ನ ಬಸವಂತರಾಯ ಮನೆಗೆ ಹೊರಟಾಗ ಹೆಂಡತಿ ಗೇಟಿನ ಬಳಿ ಆಟೋಕ್ಕೆ ಕಾಯುತ್ತ ನಿಂತಿದ್ದಳು. ಕಾರು ನಿಲ್ಲಿಸಿ ಹತ್ತಿಸಿಕೊಂಡ. ಗೋಣಿಚೀಲದಲ್ಲಿ ಖಾಲಿ ಡಬ್ಬಿಗಳು ಕಟಕಟ ಅಂದವು. ಕಾರು ತುಂಬ ಬೆಳ್ಳುಳ್ಳಿ, ಗುರೆಳ್ಳು ಹಿಂಡಿಯ ವಾಸನೆ. ಅವನು ಡ್ರೈವರನಿಗೆ ಚಹಾ ಕುಡಿದು ಬಾ ಎಂದು ಹೇಳಿ ಚೀಲದ ಬಾಯಿ ಬಿಚ್ಚಿ ನೋಡಿದ.

"ಎಷ್ಟ ದಿನದಿಂದ?"

"ಎಣಿಸಿಲ್ರಿ. ನಾ ಒಯ್ಯದಿದ್ರ ಅತ್ತಿ ಯಂಕಂಚಿಗೆ ಹೋಗ್ತಾರ. ನೀವ ಹೇಳ್ರಿ, ನಾ ಏನ ಮಾಡ್ಲಿ?"

ಅವನು ಸಿಟ್ಟಾಗುತ್ತಾನೆಂದು ಅವಳು ಕಾದಳು. ಅವನು ಸಿಟ್ಟಾಗಲಿಲ್ಲ. ಡಬ್ಬಿಯೊಂದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಾ ಪಂಪ್ ಮಾರಾಕ ಯಾಕ ಹೋದೆ ಗೊತ್ತೈತೇನ ನಿನಗ?"

"ನೌಕರಿ ಸಿಕ್ತು, ಹೋದ್ರಿ."

"ನನಗ ಕಾಲೇಜಿನ್ಯಾಗ ಕಲಸಾವ ಆಗೂದಿತ್ತು. ಗಣಿತ. ಬಿಜಾಪುರದಾಗ ರೂಮ್ ಮಾಡಿದ್ದೆ, ಯಂಕಂಚಿಯಿಂದ ಅವ್ವ ಬುತ್ತಿ ಕಳಸ್ತಿದ್ಲು. ಬಸ್ ಯಾವಾಗ ಬರತೈತಿ ಯಾರಿಗೆ ಗೊತ್ತು? ಸ್ಟ್ಯಾಂಡಿನ್ಯಾಗ ನಿಂತ ಬಿಡ್ತಿದ್ದೆ. ಗಣಿತದ ಸರ್ ಮೊದಲನೇ ತಾಸಿಗೇ ಬರ್ತಿದ್ರು. ನಾ ಬುತ್ತಿ ತಗೊಂಡು ಓಡೂದ್ರಾಗ ಬಾಗಲಾ ಹಾಕಿರ್ತಿತ್ತು. ಕೆಲವು ದಿನ ಬುತ್ತೀನೂ ಬರ್ತಿರಲಿಲ್ಲ, ಪಾಠಾನೂ ಹೋಗ್ತಿತ್ತು. ಕಡೀಕ ಹೆಂಗೋ ಪಾಸಾದೆ. ಅಷ್ಟ ಮಾರ್ಕ್ಸಿಗೆ ಎಂಎಸ್ಸಿ ಸೀಟ್ ಯಾರ ಕೊಡ್ತಾರ? ಕಂಪನಿಯವ್ರು ಮೋಟರ್ ಸೈಕಲ್ ಕೊಟ್ರು, ಹತ್ತಿದೆ."

ಸುರೇಖಾ ಬೆರಗಾಗಿ ಕೇಳುತ್ತಿದ್ದಳು. ಇಷ್ಟು ವರ್ಷ ಜೊತೆಗಿದ್ದ ಗಂಡ ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಬಡ್ತಿ ಬಂದಾಗಲೆಲ್ಲ ಅವನು ಪೇಢೆಯ ಪೊಟ್ಟಣ ತಂದು ಮೇಜಿನ ಮೇಲಿಟ್ಟು ತಾನು ಒಂದೂ ತಿನ್ನದೆ ಮಲಗುತ್ತಿದ್ದುದು ಅವಳಿಗೆ ನೆನಪಾಯಿತು.

"ಅವತ್ತ ಗೇಟಿನ್ಯಾಗ ಆ ಹುಡುಗ್ರು ನಿಂತಿದ್ದು ನೋಡಿ ನನಗ ಬಿಜಾಪುರದ ಸ್ಟ್ಯಾಂಡ ಕಂಡಂಗಾತು. ಮೆಸ್ ಕಟ್ಟಿಸಿದ್ದು ಅದಕ್ಕ. ಯಾವ ಹುಡುಗನೂ ಹಂಗ ನಿಂದರಬಾರದು."

"ಇದನ್ನ ಅತ್ತಿಗೆ ಹೇಳ್ರೆಲಾ. ತಿಳಕೋತಾರ."

"ಏನಂತ ಹೇಳ್ಲಿ? ಕೋಳಿ ಕೂಗೂದ್ರಾಗ ಎದ್ದು ನೀ ಕಟ್ಟಿದ ಬುತ್ತಿ ನನ್ನ ಸಾಲಿ ತಿಂತು ಅಂತ ಹೇಳ್ಲಿ? ಆಕಿ ಉಳಿತಾಳೇನು? ಬ್ಯಾಡ. ನೀನೂ ಹೇಳಬ್ಯಾಡ. ನನ್ನ ಮ್ಯಾಲ ಆಣಿ ಐತಿ."

ಡ್ರೈವರ ಬಂದ. ದಾರಿಯುದ್ದಕ್ಕೂ ಡಬ್ಬಿಗಳು ಕಟಕಟ ಅನ್ನುತ್ತಿದ್ದವು. ಅತ್ತೆಯ ಹತ್ತಿರ ಕುಳಿತರೆ ಅತ್ತೆಯದೇ ಸರಿ, ಗಂಡನ ಹತ್ತಿರ ಕುಳಿತರೆ ಗಂಡನದೇ ಸರಿ. ತನ್ನದು ಯಾವುದು ಸರಿ ಎಂದು ಸುರೇಖಾಗೆ ಎಷ್ಟು ತಡಕಿದರೂ ಸಿಗಲಿಲ್ಲ.

ಮರುದಿನ ಕ್ಯಾಂಪಸ್ಸಿನಲ್ಲಿ ಪಾಲಕರ ಸಭೆ ಇತ್ತು. ಬಸವಂತರಾಯ ಅದನ್ನು ಡೀಲರುಗಳ ಸಭೆಯಂತೆಯೇ ಏರ್ಪಡಿಸಿದ್ದ. ಪ್ರತಿಯೊಬ್ಬರಿಗೂ ಒಂದು ಬ್ಯಾಗು, ಒಂದು ಟೋಪಿ, ಪರದೆಯ ಮೇಲೆ ಚಿತ್ರ. ಭಾಷಣದಲ್ಲಿ ಒಮ್ಮೆ ಬಾಯಿ ತಪ್ಪಿ "ನಮ್ಮ ಗಿರಾಕಿಗಳಾದ ತಾವೆಲ್ಲರೂ" ಎಂದುಬಿಟ್ಟ. ಯಾರೂ ನಗಲಿಲ್ಲ. ತಾವು ಏನು ಕೊಂಡಿದ್ದೇವೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಂತು ಕುರಿಯ ಹಿಂದಿದ್ದುದರಿಂದ ರೇಣುಕಾಳ ಮನೆಯವರಾಗಿ ರಾಮವ್ವ ತಾನೇ ಬಂದಿದ್ದಳು. ಮಗನ ಕಾರು ಬೇಡವೆಂದು ಬಸ್ಸಿನಲ್ಲಿ ಬಂದು, ನಡುವಿನ ಸಾಲಿನಲ್ಲಿ ಕುಳಿತಿದ್ದಳು.

ಸಭೆ ಮುಗಿದು ಮೈಕಿನಲ್ಲಿ "ಊಟದ ವ್ಯವಸ್ಥೆಯನ್ನು ಮಾಡಲಾಗಿದೆ" ಎಂದು ಸಾರಿದರು. ಬಿಳಿ ಬಟ್ಟೆ ಹಾಸಿದ ಮೇಜುಗಳ ಮೇಲೆ ಹೊಳೆಯುವ ಪಾತ್ರೆಗಳು ಹೊಗೆಯಾಡುತ್ತಿದ್ದವು. ಬಿಳಿ ಟೋಪಿಯವರು ಸೌಟು ಹಿಡಿದು ನಿಂತರು. ಒಬ್ಬನೂ ಏಳಲಿಲ್ಲ. ಇಂಡಿಯವರು, ಮನಗೂಳಿಯವರು, ಕೊಲ್ಹಾರದವರು, ಎಲ್ಲರೂ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತೇ ಇದ್ದರು. ಯಾರನ್ನು ಕೇಳಿದರೂ "ನಮ್ದು ಆಗೇತ್ರಿ" ಅನ್ನುವವರೇ.

"ಯಾಕ ಉಣವಲ್ರು?" ಬಸವಂತರಾಯ ಹೆಂಡತಿಯನ್ನು ಕೇಳಿದ. "ಡೀಲರುಗಳಾಗಿದ್ರ ಇಷ್ಟೊತ್ತಿಗೆ ತಾಟು ಸಾಲ್ತಿರಲಿಲ್ಲ."

ಅವನು ತಾಯಿಯ ಹತ್ತಿರ ಹೋದ. "ಅವ್ವ, ನೀನರ ಏಳು. ನಿನ್ನ ನೋಡಿ ಏಳ್ತಾರ."

"ಕರದಾವ್ರು ಯಾರು?"

"ಮೈಕಿನ್ಯಾಗ ಹೇಳಿದ್ರಲ್ಲ."

"ಮೈಕ್ ಕರದ್ರ ಮೈಕ ಬಡಸ್ಲಿ" ಎಂದಳು ರಾಮವ್ವ.

ಸುರೇಖಾಗೆ ಆಗ ಹೊಳೆಯಿತು. ಈ ಜನ ಮದುವೆ ಮನೆಯಲ್ಲೂ ಮನೆಯವರು ಬಂದು ಕೈಹಿಡಿದು ಏಳಿಸುವವರೆಗೆ ಉಣ್ಣಲು ಏಳುವವರಲ್ಲ. ಅವಳು ಮೊದಲ ಸಾಲಿಗೆ ಹೋಗಿ ಕೈಮುಗಿದು "ಏಳ್ರಿ ಅಣ್ಣಾರ, ಏಳ್ರಿ ಯವ್ವಾ, ಊಟಕ್ಕ ಬರ್ರಿ" ಎಂದು ಕರೆಯತೊಡಗಿದಳು. ಬಸವಂತರಾಯನೂ ಗೊಂದಲದಿಂದಲೇ ಅವಳ ಹಿಂದೆ ಕೈಮುಗಿಯುತ್ತ ಬಂದ. ಕುರ್ಚಿಗಳು ಸರಿದವು, ಜನ ಎದ್ದರು. ರಾಮವ್ವ ಮಾತ್ರ ಏಳಲಿಲ್ಲ.

"ನಾ ರೇಣುಕಾಗ ತಂದ ಬುತ್ತಿ ಗೇಟಿನ್ಯಾಗ ಇಸಕೊಂಡಾರ. ಅದನ್ನ ಆಕಿಗಿ ಕೊಡಸು, ನಾ ಏಳ್ತೇನಿ."

ಬಸವಂತರಾಯ ಗೇಟಿನ ಕಡೆ ನೋಡಿದ. ಸುಭಾಸನ ಕೋಣೆಯ ಕಟ್ಟೆಯ ಮೇಲೆ ಇಸಿದುಕೊಂಡ ಗಂಟುಗಳು ರಾಶಿಯಾಗಿ ಬಿದ್ದಿದ್ದವು. ಎಲ್ಲ ಪಾಲಕರೂ ಎಲೆ ಅಡಿಕೆ ಸಂಚಿಯ ಜೊತೆ ಬುತ್ತಿಯನ್ನೂ ತಂದಿದ್ದರು. ತಾಯಿಯದೊಂದನ್ನು ಬಿಟ್ಟರೆ ಎಲ್ಲರದನ್ನೂ ಬಿಡಬೇಕು. ಎಲ್ಲರದನ್ನೂ ಬಿಟ್ಟರೆ ನಾಳೆ ಬೆಂಚು ಮತ್ತೆ ಖಾಲಿ.

"ಆಗೂದಿಲ್ಲವ್ವ" ಎಂದ ಅವನು. ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

ರಾಮವ್ವ ಎದ್ದಳು, ಊಟಕ್ಕಲ್ಲ. ಸೆರಗು ಹೊದ್ದುಕೊಂಡು ಗೇಟು ದಾಟಿ ಬಸ್ಸು ಹತ್ತಿ ಹೋದಳು.

ಸುರೇಖಾ ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಪಡಸಾಲೆಯಲ್ಲಿ ಅತ್ತೆ ಚೀಲ ತುಂಬುತ್ತಿದ್ದಳು. ಸೀರೆ, ಕಂಬಳಿ, ಸಣ್ಣ ಕಲ್ಲಿನ ಕುಟ್ಟಣಿಗೆ.

"ಅತ್ತಿ, ಬ್ಯಾಡ್ರಿ."

"ನಾ ಹೇಳಿದ್ದೆ. ಮುಟ್ಟದ ದಿನ ಹೋಗ್ತೇನಿ ಅಂತ. ನಾಳೆ ಮುಂಜಾನೆ ಬಸ್ಸಿಗೆ ಹೋಗ್ತೇನಿ. ಈ ಮನ್ಯಾಗ ನನ್ನ ಕೈಯಾಗಿನದು ಯಾರಿಗೂ ಬ್ಯಾಡಂದಮ್ಯಾಲ ನಂದೇನ ಕೆಲಸ?"

"ಅವ್ರಿಗೆ ಬ್ಯಾಡಾಗಿಲ್ರಿ..."

"ಮತ್ತ ಯಾಕ? ಹಳಸ್ತೈತಿ, ಜಡ್ಡ ಬರ್ತೈತಿ, ಇದನ್ನ ಬಿಟ್ಟು ಬ್ಯಾರೆ ಏನರ ಇದ್ರ ಹೇಳು. ನನ್ನ ಹೊಟ್ಟ್ಯಾಗ ಹುಟ್ಟಿದವ ನನ್ನ ಬುತ್ತಿಗೆ ಯಾಕ ಹೇಸ್ತಾನ?"

ಗಂಡ ಆಣೆ ಹಾಕಿಸಿದ್ದ ಮಾತು ಸುರೇಖಾಳ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಗಂಡನ ಮಾತು ಮುರಿಯುತ್ತದೆ, ಹೇಳದಿದ್ದರೆ ಈ ಮುದುಕಿ ತನ್ನ ಮಗ ತನಗೆ ಹೇಸುತ್ತಾನೆಂದೇ ತಿಳಿದು ಯಂಕಂಚಿಗೆ ಹೋಗಿ ಅಲ್ಲೇ ಕೊರಗುತ್ತಾಳೆ. ಎಲ್ಲಿಂದಲೋ ಅಳು ಬಂತು, ಅಳುವಿನ ಜೊತೆಗೆ ಮಾತೂ ಬಂತು. ಬಿಜಾಪುರದ ಸ್ಟ್ಯಾಂಡು, ಬಾರದ ಬಸ್ಸು, ಗಣಿತದ ಸರ್ ಹಾಕಿದ ಬಾಗಿಲು, ಮೋಟರ್ ಸೈಕಲ್ಲು. ಎಲ್ಲವನ್ನೂ ಹೇಳಿಬಿಟ್ಟಳು.

ರಾಮವ್ವನ ಕೈ ಚೀಲದೊಳಗೇ ಉಳಿಯಿತು.

"ಬುತ್ತಿ ಮುಟ್ಟದಿದ್ದ ದಿನ ನನಗ ತಿಳೀತಿತ್ತು" ಎಂದಳು. "ಸಂಜಿ ಬಸ್ಸಿಗೆ ಖಾಲಿ ಡಬ್ಬಿ ಬರ್ತಿರಲಿಲ್ಲ. ಅವತ್ತ ನಾನೂ ಉಣತಿರಲಿಲ್ಲ. ನಿಮ್ಮ ಮಾವ ಬೈತಿದ್ದ, ನೀ ಉಪಾಸ ಬಿದ್ರ ಅವನ ಹೊಟ್ಟಿ ತುಂಬತೈತೇನ ಅಂತ."

"ಅತ್ತಿ..."

"ಉಪಾಸ ಇದ್ದದ್ದು ಗೊತ್ತಿತ್ತು ಯವ್ವಾ. ಸಾಲಿ ತಪ್ಪಿದ್ದು ಗೊತ್ತಿರಲಿಲ್ಲ."

ಅಷ್ಟು ಹೇಳಿ ಚೀಲದ ಬಾಯಿ ಕಟ್ಟಿ ಬಾಗಿಲ ಪಕ್ಕಕ್ಕಿಟ್ಟಳು. ಹೋಗುತ್ತಾಳೋ ಇರುತ್ತಾಳೋ ಸುರೇಖಾಗೆ ತಿಳಿಯಲಿಲ್ಲ. ಬಸವಂತರಾಯ ಬಂದ ಮೇಲೆ ಮೂವರೂ ಅನ್ನ ಸಾರು ಉಂಡರು. ಚೀಲವನ್ನು ಮೂವರೂ ನೋಡಿದರು.

ಬೆಳಗ್ಗೆ ಸುರೇಖಾ ಎದ್ದಾಗ ಮನೆಯಲ್ಲಿ ಸುಟ್ಟ ರೊಟ್ಟಿಯ ಘಮ ಇತ್ತು, ಒಲೆಯೂ ಬೆಚ್ಚಗಿತ್ತು, ಅತ್ತೆ ಇರಲಿಲ್ಲ. ಬಾಗಿಲಿಗೆ ಓಡಿದಳು. ಚೀಲ ಇದ್ದಲ್ಲೇ ಇತ್ತು. ಚೀಲ ಬಿಟ್ಟು ಯಂಕಂಚಿಗೆ ಹೋದಳೇ? ಸಿಟ್ಟಿನಲ್ಲಿ ಉಟ್ಟ ಸೀರೆಯಲ್ಲೇ ಹೊರಟಳೇ? "ರೀ, ಏಳ್ರಿ, ಅತ್ತಿ ಇಲ್ಲ!" ಎಂದು ಗಂಡನನ್ನು ಎಬ್ಬಿಸಿದಳು. ಅವನು ಅಂಗಿಯ ಗುಂಡಿಯನ್ನು ಮೇಲೆ ಕೆಳಗೆ ಹಾಕಿಕೊಂಡು ಕಾರು ಹತ್ತಿದ, ಅವಳೂ ಜೊತೆಗೆ ಹತ್ತಿದಳು. ಬಸ್ ಸ್ಟ್ಯಾಂಡಿನಲ್ಲಿ ಯಂಕಂಚಿ ಬಸ್ಸು ಆಗಲೇ ಹೋಗಿತ್ತು.

"ಯಂಕಂಚಿಗೆಲ್ಲಿ ಹೋದ್ರು?" ಎಂದಳು ಪೀರಬಿ ಮೆಂತ್ಯದ ಕಟ್ಟು ನೀರಲ್ಲಿ ಅದ್ದುತ್ತ. "ಕುತುಬುದ್ದೀನನ ಬಸ್ ಹತ್ತಿದ್ರಲ್ರಿ, ಇಂಡಿ ಕಡೆ. ನಮ್ಮ ನಾಜಿಮಾನ ಬುತ್ತೀನೂ ಇಸಕೊಂಡು ಹೋದ್ರು."

ಗೇಟಿನ ಹೊರಗೆ, ರಸ್ತೆಯ ಬದಿಯ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ರಾಮವ್ವ ಕುಳಿತಿದ್ದಳು. ತೊಡೆಯ ಮೇಲೆ ಎರಡು ಗಂಟು. ಸುಭಾಸ ಪಾಪ ಅವಳ ಪಕ್ಕದಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಗೇಟಿನಲ್ಲಿ ಒಬ್ಬ ವಿದ್ಯಾರ್ಥಿಯೂ ಇರಲಿಲ್ಲ.

"ಅವ್ವ, ಇಲ್ಯಾಕ ಕುಂತಿ? ಒಳಗ ಬಾ."

"ಒಳಗ ಬುತ್ತಿ ಬಿಡಂಗಿಲ್ಲ. ನಾ ಹೊರಗ ಅದೇನಿ."

"ಸುಭಾಸ, ರೇಣುಕಾನ ಕರ್ಕೊಂಡು ಬಾ."

"ಕರೀಬ್ಯಾಡ!" ರಾಮವ್ವ ಎಷ್ಟು ಜೋರಾಗಿ ಒದರಿದಳೆಂದರೆ ಸುಭಾಸ ಹೆಜ್ಜೆ ಎತ್ತಿದ್ದವನು ನಿಂತುಬಿಟ್ಟ. "ಪಾಠದಾಗಿನ ಹುಡುಗೀನ ಯಾಕ ಕರೀತಿ? ಬಿಡುವಾದಮ್ಯಾಲ ತಾವ ಬರ್ತಾವ, ಇಲ್ಲೇ ಕುಂತು ಉಣತಾವ. ಅವು ಕಾಯೂದ ಬ್ಯಾಡ. ನಾ ಕಾಯ್ತೇನಿ."

ಬಸವಂತರಾಯ ಅಲ್ಲಿಯೇ ನಿಂತ. ನಿಧಾನವಾಗಿ ತಿರುಗಿ ಸುರೇಖಾಳನ್ನು ನೋಡಿದ. ಅವಳು ಆಣೆ ಮುರಿದವಳು, ತಪ್ಪು ಮಾಡಿದೆನೋ ಸರಿ ಮಾಡಿದೆನೋ ಅವಳಿಗೇ ಗೊತ್ತಿರಲಿಲ್ಲ. ಮುಖ ತಪ್ಪಿಸದೆ ನಿಂತಳು, ಕಣ್ಣಲ್ಲಿ ನೀರು ತುಂಬಿತ್ತು. ಒಳಗೆ ಪಾಠದ ಗಂಟೆ ಹೊಡೆಯಿತು.

"ಕೇಳಿಲ್ಲೇನು, ಗಂಟಿ ಆತು" ಎಂದಳು ರಾಮವ್ವ ಮಗನಿಗೆ. "ನೀ ಯಾಕ ನಿಂತಿ? ನಡಿ ಒಳಗ. ನಿನ್ನ ಸಾಲಿ ತಪ್ಪತೈತಿ."

ಬಸವಂತರಾಯ ಕಾರು ಹತ್ತಲಿಲ್ಲ. ಗುಂಡಿ ತಪ್ಪಿದ ಅಂಗಿಯಲ್ಲೇ ಬೇಗ ಬೇಗ ನಡೆಯುತ್ತ ಗೇಟು ದಾಟಿ ಒಳಗೆ ಹೋದ. ಅವನ ಹಿಂದೆ ಹೋಗಬೇಕೋ ಇಲ್ಲಿಯೇ ಇರಬೇಕೋ ಸುರೇಖಾಗೆ ತಿಳಿಯಲಿಲ್ಲ. ರಾಮವ್ವ ಕಲ್ಲಿನ ಮೇಲೆ ತುಸು ಸರಿದು ಜಾಗ ಮಾಡಿಕೊಟ್ಟಳು.